ಚರ್ಮಗಂಟು ರೋಗ ಬಿಟ್ಟರೂ ಹಸು ಚೇತರಿಸುತ್ತಿಲ್ಲವೇ? ಲಿವರ್ ದೋಷ ಪತ್ತೆಗೆ ಮಲೆನಾಡಿನ ಕೈಪಿಡಿ

ಜ್ವರ ಇಳಿದಿದೆ, ಗಂಟುಗಳು ಒಣಗಿ ಹಕ್ಕಳೆ ಉದುರುತ್ತಿವೆ. ಆದರೆ ಮೂರು ವಾರ ಕಳೆದರೂ ಹಾಲು ಅರ್ಧಕ್ಕೇ ನಿಂತಿದೆ. ಹಿಂಡಿ ಕಲಸಿದ ಅಕ್ಕಚ್ಚನ್ನು ಮೂಸಿ ಬಿಡುತ್ತದೆ, ಮೆಲುಕು ಕಡಿಮೆ, ರೋಮ ಒರಟಾಗಿ ನಿಮಿರಿದೆ. ಹೀಗಾದಾಗ ‘ಲಿವರ್ ವೀಕ್ ಆಗಿದೆ’ ಎಂದುಕೊಂಡು ಟಾನಿಕ್ ಬಾಟಲಿ ತಂದು ಕುಡಿಸುವುದು ಎಲ್ಲ ಕಡೆಯ ರೂಢಿ. ಲಿವರ್ ಬಳಲಿದೆ ಎಂಬ ಊಹೆ ಅನೇಕ ಸಲ ನಿಜವೇ. ಯಾವುದರಿಂದ ಬಳಲಿದೆ ಎಂದು ನೋಡದೆ ಬಿಡುವುದರಿಂದಲೇ ಹಸು ಕೈತಪ್ಪುವುದು.

ದನಗಳಲ್ಲಿ ಲಿವರನ್ನೇ ಮುಖ್ಯ ಗುರಿ ಮಾಡಿಕೊಳ್ಳುವ ವೈರಸ್‌ಗೆ ಹೆಸರಾದದ್ದು ರಿಫ್ಟ್ ಕಣಿವೆ ಜ್ವರ. ಅದು ಆಫ್ರಿಕಾ, ಅರೇಬಿಯಾ ಕಡೆಯ ರೋಗ. ನಮ್ಮ ಕೊಟ್ಟಿಗೆಗಳಿಗೆ ಬರುವ ಚರ್ಮಗಂಟು ರೋಗ, ಕಾಲುಬಾಯಿ ಜ್ವರ, ಮೂರು ದಿನದ ಜ್ವರಗಳು ಲಿವರನ್ನು ನೇರವಾಗಿ ತಿಂದುಹಾಕುವುದು ಅಪರೂಪ. ಅವು ಅದರ ಮೇಲೆ ಭಾರ ಹೇರುತ್ತವೆ. ಗಟ್ಟಿ ಲಿವರ್ ಇದ್ದ ಹಸು ಆ ಭಾರ ಹೊತ್ತು ಕೆಲವು ವಾರದಲ್ಲಿ ಎದ್ದು ನಿಲ್ಲುತ್ತದೆ. ಲಿವರ್ ಹುಳ, ಲಂಟಾನ, ಮೈಲುತುತ್ತ (ತಾಮ್ರದ ಸಲ್ಫೇಟ್), ಉಣುಗಿನ ರೋಗ ಇವುಗಳಲ್ಲಿ ಯಾವುದೋ ಒಂದು ಮೊದಲೇ ಒಳಗೆ ಕೂತಿದ್ದ ಹಸು ಕುಸಿಯುತ್ತದೆ. ಹಾಗಾಗಿ ಚೇತರಿಸದ ಹಸುವಿನಲ್ಲಿ ಹುಡುಕಬೇಕಾದದ್ದು ವೈರಸ್ಸಿಗಿಂತ ಹೆಚ್ಚಾಗಿ ಅದು ಬರುವ ಮೊದಲೇ ಇದ್ದ ದೋಷವನ್ನು.

ಒಳಗೆ ಏನಾಗುತ್ತದೆ

ಇದನ್ನು ತಿಳಿಯದೆ ಮುಂದಿನ ಪರೀಕ್ಷೆಗಳ ಅರ್ಥ ಹಿಡಿಯುವುದು ಕಷ್ಟ. ವೈರಸ್ ಹೊಕ್ಕಾಗ ಬಿಳಿರಕ್ತಕಣಗಳು ಸೂಪರ್ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಎಂಬ ತೀಕ್ಷ್ಣ ವಸ್ತುಗಳನ್ನು ಸುರಿಯುತ್ತವೆ. ಸೋಂಕಿನ ವಿರುದ್ಧ ಇವು ದೇಹದ ಆಯುಧಗಳು. ಹೆಚ್ಚಾದರೆ ಹಸುವಿನ ಸ್ವಂತ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬನ್ನೇ ಕೆಡಿಸುತ್ತವೆ. ಹೀಗೆ ಕೆಟ್ಟ ಕೊಬ್ಬಿನ ಒಂದು ತುಣುಕು ಮ್ಯಾಲಾನ್‌ಡೈಆಲ್ಡಿಹೈಡ್. ಪ್ರಯೋಗಾಲಯದವರು ಎಂಡಿಎ ಎಂದು ಅಳೆಯುವುದು ಇದನ್ನೇ.

ಇದಕ್ಕೆ ಎದುರಾಗಿ ದೇಹದ ಕಾವಲು ಇದೆ. ಸೂಪರ್ಆಕ್ಸೈಡ್ ಡಿಸ್ಮುಟೇಸ್ ಎಂಬ ಕಿಣ್ವ ಸೂಪರ್ಆಕ್ಸೈಡನ್ನು ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್ ಮತ್ತು ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಆ ಪೆರಾಕ್ಸೈಡನ್ನು ನೀರಾಗಿಸುತ್ತವೆ. ಮೊದಲನೆಯದಕ್ಕೆ ಸತು, ತಾಮ್ರ, ಮ್ಯಾಂಗನೀಸ್ ಬೇಕು, ಕೊನೆಯದಕ್ಕೆ ಸೆಲೆನಿಯಂ. ಪೊರೆಯಲ್ಲೇ ಕೂತು ಕಾಯುವುದು ಇ ಜೀವಸತ್ವ. ಸುರಿಯುವುದು ಹೆಚ್ಚಿ ಕಾವಲು ಸೋತ ಸ್ಥಿತಿಗೆ ಆಕ್ಸಿಡೇಟಿವ್ ಒತ್ತಡ ಎನ್ನುತ್ತಾರೆ. ಚರ್ಮಗಂಟು ರೋಗ ಬಂದ ದನಗಳ ರಕ್ತದಲ್ಲಿ ಎಂಡಿಎ ಏರಿ, ಕಾವಲಿಗೆ ಬೇಕಾದ ಗ್ಲುಟಾಥಿಯೋನ್ ಮತ್ತು ಕ್ಯಾಟಲೇಸ್ ಇಳಿದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಲಿವರ್‌ಗೆ ಇದೇಕೆ ಹೆಚ್ಚು ತಟ್ಟುತ್ತದೆ ಎಂದರೆ, ಒಂದೇ ವಾರದಲ್ಲಿ ಮೂರು ಕೆಲಸ ಅದರ ತಲೆಗೆ ಬರುತ್ತವೆ. ಉರಿಯೂತಕ್ಕೆ ಬೇಕಾದ ಹ್ಯಾಪ್ಟೋಗ್ಲೋಬಿನ್‌ನಂಥ ಪ್ರೋಟೀನ್ ತಯಾರಿಸಬೇಕು, ಅದಕ್ಕಾಗಿ ರಕ್ತದ ನೀರನ್ನು ನಾಳದೊಳಗೇ ಹಿಡಿದಿಡುವ ಆಲ್ಬುಮಿನ್ ಪ್ರೋಟೀನಿನ ತಯಾರಿಕೆ ಹಿಂದೆ ಸರಿಯುತ್ತದೆ. ಮೇವು ಬಿಟ್ಟ ಹಸು ಮೈಯ ಕೊಬ್ಬು ಕರಗಿಸುತ್ತದೆ, ಅದೆಲ್ಲ ಲಿವರ್‌ಗೆ ಬಂದು ಬೀಳುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಲಿವರ್‌ಗೆ ಬಂದ ಕೊಬ್ಬನ್ನು ಹೊರಗೆ ಸಾಗಿಸುವ ಶಕ್ತಿ ಬಹಳ ಕಡಿಮೆ, ಹಾಗಾಗಿ ಅದು ಅಲ್ಲೇ ಉಳಿಯುತ್ತದೆ. ಇವುಗಳ ಜೊತೆಗೆ ನಾವು ಚುಚ್ಚಿಸಿದ ಔಷಧಿಗಳನ್ನೂ ಒಡೆದು ಹೊರಹಾಕಬೇಕು. ಇಷ್ಟಕ್ಕೂ ಬೇಕಾದ ಗ್ಲುಟಾಥಿಯೋನ್ ಹೆಚ್ಚು ತಯಾರಾಗುವುದು ಲಿವರ್‌ನಲ್ಲೇ, ಅದರ ಕಚ್ಚಾವಸ್ತು ಮೇವಿನ ಪ್ರೋಟೀನಿನಿಂದ ಬರುವ ಗಂಧಕಯುಕ್ತ ಅಮೈನೋ ಆಮ್ಲ. ಹಸು ತಿನ್ನುವುದು ನಿಲ್ಲಿಸಿದ ದಿನದಿಂದಲೇ ಕಾವಲಿನ ಕಚ್ಚಾವಸ್ತುವಿಗೂ ಕೊರತೆ ಶುರು.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಸೊಳ್ಳೆ, ಕಚ್ಚುವ ನೊಣ ಹೆಚ್ಚಿ ಈ ರೋಗಗಳು ಹಬ್ಬುವುದು ಮಳೆಗಾಲದಲ್ಲಿ. ಆಗುಂಬೆ, ಹೊಸನಗರದ ಜಡಿಮಳೆಯಲ್ಲಿ ದನ ಹೊರಗೆ ಬಿಡಲಾಗದೆ ತಿಂಗಳುಗಟ್ಟಲೆ ಭತ್ತದ ಹುಲ್ಲಿನ ಮೇಲೇ ಇಟ್ಟಿರುತ್ತೇವೆ. ಹಸಿಹುಲ್ಲಿನಲ್ಲಿ ಇ ಜೀವಸತ್ವ ಧಾರಾಳ, ಒಣಗಿದ ಭತ್ತದ ಹುಲ್ಲಿನಲ್ಲಿ ಹೆಚ್ಚುಕಡಿಮೆ ಇಲ್ಲ. ರೋಗ ಬರುವ ಹೊತ್ತಿಗೇ ಕಾವಲು ತೆಳುವಾಗಿರುತ್ತದೆ.

ಮೊದಲು ಥರ್ಮಾಮೀಟರ್

ರೋಗ ನಿಜಕ್ಕೂ ಬಿಟ್ಟಿದೆಯೇ ಎಂಬುದು ಮೊದಲ ಪ್ರಶ್ನೆ. ಬೆಳಗ್ಗೆ ಮತ್ತು ಸಂಜೆ, ಮೂರು ದಿನ, ಗುದದ್ವಾರದಲ್ಲಿ ಥರ್ಮಾಮೀಟರನ್ನು ಗೋಡೆಗೆ ತಾಗುವಂತೆ ಓರೆಯಾಗಿ ಎರಡು ನಿಮಿಷ ಹಿಡಿಯಿರಿ. ಸೆಗಣಿಯ ಮುದ್ದೆಯೊಳಗೆ ಚುಚ್ಚಿದರೆ ತಪ್ಪು ಓದು ಬರುತ್ತದೆ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಚರ್ಮಗಂಟು ರೋಗದ ಆರಂಭದಲ್ಲಿ 104ರಿಂದ 106ರವರೆಗೂ ಹೋಗುತ್ತದೆ. ಗಂಟು ಒಣಗಿದ ಮೇಲೂ 103 ದಾಟುತ್ತಿದ್ದರೆ ಲಿವರ್ ವಿಚಾರ ಆಮೇಲೆ. ಒಡೆದ ಗಂಟಿಗೆ ಬ್ಯಾಕ್ಟೀರಿಯಾ ಸೇರಿದೆಯೇ, ಉಸಿರಾಟದಲ್ಲಿ ಗೊರಗೊರ ಇದೆಯೇ, ಕೆಚ್ಚಲು ಬಾವು ಬಂದಿದೆಯೇ, ಭುಜದ ಮುಂದಿನ ಗ್ರಂಥಿ ಇನ್ನೂ ದಪ್ಪ ಇದೆಯೇ ನೋಡಿಸಿ. ಆ ಗ್ರಂಥಿ ಚರ್ಮಗಂಟು ರೋಗದಲ್ಲೂ ಊದುತ್ತದೆ, ಉಣುಗಿನಿಂದ ಬರುವ ಥೈಲೇರಿಯಾದಲ್ಲೂ ಊದುತ್ತದೆ. ಎರಡನ್ನೂ ಬೇರೆ ಮಾಡಲು ರಕ್ತಲೇಪ ಪರೀಕ್ಷೆಯೇ (ಗಾಜಿನ ಮೇಲೆ ರಕ್ತದ ಹನಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಬೇಕು.

ಹಸುವಿನ ಪಕ್ಕ ನಿಂತು ನೋಡುವುದು

ಹಗಲಿನ ಬೆಳಕಿನಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಹಸುವಾದರೆ ಯೋನಿಯ ಒಳಪೊರೆಯನ್ನೂ ನೋಡಿ. ಬಲ್ಬಿನ ಬೆಳಕಿನಲ್ಲಿ ಹಳದಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಬರೀ ಬಿಳಿಚಿಕೊಂಡಿದ್ದರೆ ರಕ್ತಹೀನತೆ, ಹುಳ ಅಥವಾ ಉಣುಗಿನ ಕಡೆ ಬೆರಳು. ಹಳದಿಯೂ ಬಿಳಿಚೂ ಎರಡೂ ಇದ್ದರೆ ರಕ್ತಕಣ ಒಡೆಯುತ್ತಿವೆ. ಬಿಳಿಚದೆ ಬರೀ ಹಳದಿ ಇದ್ದರೆ ಪಿತ್ತದ ಹರಿವು ನಿಂತಿದೆ. ಈ ಮೂರರ ವ್ಯತ್ಯಾಸ ಒಂದನ್ನೇ ಸರಿಯಾಗಿ ನೋಡಿದರೂ ಅರ್ಧ ದಾರಿ ಕ್ರಮಿಸಿದಂತೆ.

ದವಡೆಯ ಕೆಳಗೆ ಕೈಯಾಡಿಸಿ. ಮೆತ್ತಗೆ ನೀರು ತುಂಬಿದ ಊತ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಂತಿದ್ದರೆ ಆಲ್ಬುಮಿನ್ ಕುಸಿದಿದೆ ಎಂದರ್ಥ. ಮಲೆನಾಡಿನ ಗದ್ದೆ ಬಯಲಲ್ಲಿ ಮೇಯುವ ದನದಲ್ಲಿ ಇದಕ್ಕೆ ಮೊದಲ ಕಾರಣ ಲಿವರ್ ಹುಳ.

ಚರ್ಮ ನೋಡುವಾಗ ಒಂದು ಸೂಕ್ಷ್ಮ. ಚರ್ಮಗಂಟಿನ ಕಲೆಗಳಿಗೆ ಕಪ್ಪು ಬಿಳಿ ಎಂಬ ಭೇದವಿಲ್ಲ, ಎಲ್ಲ ಬಣ್ಣದ ಚರ್ಮದ ಮೇಲೂ ಬರುತ್ತವೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಬಿಳಿ ಪಟ್ಟೆಗಳಲ್ಲಿ ಮಾತ್ರ, ಮೂತಿ, ಕಿವಿ, ಕೆಚ್ಚಲ ಮೇಲೆ ಚರ್ಮ ಸುಟ್ಟಂತೆ ಒಣಗಿ ಸುಲಿಯುತ್ತಿದ್ದರೆ ಅದು ಬೇರೆ. ಹಸಿರು ಮೇವಿನ ಪತ್ರಹರಿತ್ತಿನಿಂದ ಹುಟ್ಟುವ ಫಿಲೋಎರಿತ್ರಿನ್ ಎಂಬ ವಸ್ತುವನ್ನು ಲಿವರ್ ಪಿತ್ತದ ಮೂಲಕ ಹೊರಹಾಕಬೇಕು. ಪಿತ್ತ ನಿಂತಾಗ ಅದು ರಕ್ತದಲ್ಲಿ ಉಳಿದು, ಬಿಸಿಲು ಬಿದ್ದ ಬಿಳಿ ಚರ್ಮವನ್ನು ಸುಡುತ್ತದೆ. ಹಳೆಯ ಗಂಟಿನ ಗಾಯವೆಂದು ಮುಲಾಮು ಹಚ್ಚುತ್ತ ಕೂತರೆ ಒಳಗಿನ ರೋಗ ಬೆಳೆಯುತ್ತದೆ.

ಗಂಜಲವನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿದು ಕೆಲವು ಗಂಟೆ ಅಲ್ಲಾಡಿಸದೆ ಇಡಿ. ಕೆಂಪು ತಳದಲ್ಲಿ ಕೂತು ಮೇಲೆ ತಿಳಿಯಾದರೆ ರಕ್ತವೇ ಬರುತ್ತಿದೆ, ತೊಂದರೆ ಮೂತ್ರಕೋಶ ಅಥವಾ ಮೂತ್ರಪಿಂಡದ್ದು, ಜರಿಗಿಡ ತಿಂದು ಬರುವ ರಕ್ತಮೂತ್ರ ಈ ಬಗೆಯದು. ಕಾಫಿ ಕಷಾಯದಂತೆ ಇಡೀ ಬಾಟಲಿ ಒಂದೇ ಬಣ್ಣ ಉಳಿದರೆ ಒಡೆದ ರಕ್ತಕಣದ ಹಿಮೋಗ್ಲೋಬಿನ್: ಉಣುಗಿನಿಂದ ಬರುವ ಬಬೇಸಿಯಾ, ತಾಮ್ರದ ವಿಷ, ಇಲಿಜ್ವರ, ಕರು ಹಾಕಿದ ಕೆಲವೇ ವಾರದ ಹಸುವಾದರೆ ರಂಜಕದ ಕೊರತೆ. ಇಲಿಜ್ವರ ಮನುಷ್ಯರಿಗೂ ತಗಲುತ್ತದೆ, ಗಂಜಲ ಹಿಡಿಯುವಾಗ ಕೈಗವಸು ಹಾಕಿ.

ಇನ್ನು ಎಡ ಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿಟ್ಟು ಎರಡು ನಿಮಿಷ ಕಾಯಿರಿ. ಎರಡು ಮೂರು ಸಲ ಹೊಟ್ಟೆ ಉಬ್ಬಿ ಇಳಿಯಬೇಕು. ಒಂದೂ ಇಲ್ಲವೆಂದರೆ ಬಾಯಿಂದ ಏನು ಕುಡಿಸಿದರೂ ಅಲ್ಲೇ ನಿಲ್ಲುತ್ತದೆ.

ಮೊದಲೇ ಒಳಗಿದ್ದ ದೋಷಗಳು

ಲಿವರ್ ಹುಳ. ನಮ್ಮ ಕಡೆ ಇರುವುದು ಹೆಚ್ಚಾಗಿ ಫ್ಯಾಸಿಯೋಲಾ ಜೈಗಾಂಟಿಕಾ. ನಿಂತ ನೀರಿನ ಬಸವನಹುಳುವಿನಲ್ಲಿ ಬೆಳೆದು, ನೀರಂಚಿನ ಹುಲ್ಲಿಗೆ ಅಂಟಿ, ದನದ ಹೊಟ್ಟೆ ಸೇರುತ್ತದೆ. ಸೊರಬದ ಕೆರೆಯಂಚು, ಭದ್ರಾ ನಾಲೆಯ ಬಸಿನೀರು, ಶರಾವತಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲು, ಕೊಯ್ಲಾದ ಗದ್ದೆಯ ತಗ್ಗುಗಳೆಲ್ಲ ಇದಕ್ಕೆ ಹೇಳಿ ಮಾಡಿಸಿದ ಜಾಗ. ಎಳೆ ಹುಳ ಲಿವರನ್ನು ಕೊರೆಯುತ್ತ ಹೋಗುತ್ತದೆ, ಬೆಳೆದದ್ದು ಪಿತ್ತನಾಳದಲ್ಲಿ ಕೂತು ನಾಳದ ಗೋಡೆ ದಪ್ಪಗಟ್ಟಿಸುತ್ತದೆ. ಹೊಟ್ಟೆಗೆ ಹೋದ ಹುಳ ಮೊಟ್ಟೆ ಇಡಲು ಮೂರು ತಿಂಗಳ ಮೇಲೇ ಬೇಕು. ಹಾಗಾಗಿ ಸೆಗಣಿಯಲ್ಲಿ ಮೊಟ್ಟೆ ಕಾಣಲಿಲ್ಲವೆಂದರೆ ಹುಳವಿಲ್ಲ ಎಂದಲ್ಲ. ಪರೀಕ್ಷೆಗೆ ಕೊಡುವಾಗ ‘ತಳ ಕೂರಿಸುವ ವಿಧಾನದಲ್ಲಿ ನೋಡಿ’ ಎಂದು ಕೇಳಿ. ಈ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲಿಸುವ ಸಾಮಾನ್ಯ ವಿಧಾನದಲ್ಲಿ ಸಿಗುವುದಿಲ್ಲ. ಜಂತುಹುಳದ ಔಷಧಿ ಮೊನ್ನೆಯಷ್ಟೇ ಕುಡಿಸಿದ್ದೇವೆ ಎಂಬ ಸಮಾಧಾನವೂ ಸಾಲದು. ಐವರ್ಮೆಕ್ಟಿನ್, ಫೆನ್‌ಬೆಂಡಜೋಲ್‌ಗಳು ರೂಢಿಯ ಪ್ರಮಾಣದಲ್ಲಿ ಈ ಚಪ್ಪಟೆ ಹುಳವನ್ನು ಕೊಲ್ಲುವುದಿಲ್ಲ.

ಲಂಟಾನ. ಬೇಸಿಗೆಯಲ್ಲಿ ಹಕ್ಕಲು ಒಣಗಿದಾಗ, ಅಥವಾ ರೋಗಪೀಡಿತ ದನವನ್ನು ಹಿಂಡಿನಿಂದ ಬೇರೆ ಮಾಡಿ ಬೇಲಿ ಬದಿಗೆ ಕಟ್ಟಿದಾಗ ತಿನ್ನುತ್ತದೆ. ಲ್ಯಾಂಟಡೀನ್ ಎಂಬ ವಿಷ ಪಿತ್ತದ ಹರಿವು ನಿಲ್ಲಿಸುತ್ತದೆ, ಜೊತೆಗೆ ಹೊಟ್ಟೆಯ ಚಲನೆಯನ್ನೂ. ಚಲನೆ ನಿಂತ ಹೊಟ್ಟೆಯಲ್ಲಿ ಸೊಪ್ಪು ಹಾಗೇ ಉಳಿದು ದಿನಗಟ್ಟಲೆ ವಿಷ ಬಿಡುತ್ತಿರುತ್ತದೆ, ಆದ್ದರಿಂದ ‘ತಿಂದು ನಾಲ್ಕು ದಿನವಾಯ್ತು, ಈಗೇನು’ ಎಂದು ಬಿಡಬಾರದು. ಗಟ್ಟಿ, ಲೋಳೆ ಸುತ್ತಿದ ಸೆಗಣಿ, ಕಡು ಹಳದಿ ಕಣ್ಣು, ಸುಲಿಯುವ ಬಿಳಿ ಚರ್ಮ ಮೂರೂ ಸೇರಿದರೆ ಇದೇ. ಸಕ್ರಿಯ ಇದ್ದಿಲನ್ನು ಮೈತೂಕದ ಪ್ರತಿ ಕಿಲೋಗೆ 5 ಗ್ರಾಂನಂತೆ ನೀರು ಮತ್ತು ಲವಣಗಳಲ್ಲಿ ಕದಡಿ, ವೈದ್ಯರು ನಳಿಕೆಯ ಮೂಲಕ ಹೊಟ್ಟೆಗೆ ಬಿಡಬೇಕು. 200 ಕಿಲೋ ಹಸುವಿಗೆ ಒಂದು ಕಿಲೋ ಆಯಿತು. ಒಲೆಯ ಇದ್ದಿಲು ಪುಡಿ ಇದಕ್ಕೆ ಬದಲಿಯಲ್ಲ. ಹಸುವನ್ನು ಪೂರ್ತಿ ನೆರಳಲ್ಲಿ ಕಟ್ಟಿ.

ಮೈಲುತುತ್ತ. ಇದನ್ನು ಕೇಳುವವರೇ ಕಡಿಮೆ, ಆದರೆ ಅಡಕೆ ಸೀಮೆಯಲ್ಲಿ ಕೇಳಲೇಬೇಕು. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮುಂಗಾರಿಗೆ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತೇವೆ. ತೊಟ್ಟಿಕ್ಕಿದ ದ್ರಾವಣ ತೋಟದ ಹುಲ್ಲಿನ ಮೇಲೂ ಹಾಳೆಯ ಮೇಲೂ ಕೂರುತ್ತದೆ. ಆ ಹುಲ್ಲನ್ನು ಕೊಯ್ದು, ಆ ಹಾಳೆಯನ್ನು ಕತ್ತರಿಸಿ ದನಕ್ಕೆ ಹಾಕಿದರೆ ತಾಮ್ರ ಲಿವರ್‌ನಲ್ಲಿ ಸದ್ದಿಲ್ಲದೆ ಸೇರುತ್ತ ಹೋಗುತ್ತದೆ. ಕುರಿಗಿಂತ ದನ ಹೆಚ್ಚು ತಡೆದುಕೊಳ್ಳುತ್ತದೆ, ಕರು ಅಷ್ಟು ತಡೆಯದು. ತುಂಬಿದ ಲಿವರ್ ಇರುವ ಪ್ರಾಣಿಗೆ ಜ್ವರ, ಉಪವಾಸ, ದೂರದ ಸಾಗಣೆ ಯಾವುದೇ ಆಘಾತ ತಗಲಿದರೂ ತಾಮ್ರ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಿ ಕೆಂಪುರಕ್ತಕಣಗಳನ್ನು ಒಡೆಯಬಹುದು. ಹೆಚ್ಚಾದ ತಾಮ್ರ ತಾನೇ ಆಕ್ಸಿಡೇಟಿವ್ ಹಾನಿ ಮಾಡುವ ಲೋಹ. ಔಷಧಿ ಹೊಡೆದ ತೋಟದ ಹುಲ್ಲು ತಿನ್ನಿಸಿದ ದನಕ್ಕೆ ತಾಮ್ರವಿರುವ ಖನಿಜ ಮಿಶ್ರಣವನ್ನೋ ‘ಶಕ್ತಿ’ಯ ಚುಚ್ಚುಮದ್ದನ್ನೋ ಕಣ್ಣುಮುಚ್ಚಿ ಕೊಡಬೇಡಿ ಎನ್ನುವುದು ಇದಕ್ಕೇ.

ಉಣುಗು. ಮಂಗನ ಕಾಯಿಲೆಯಿಂದಾಗಿ ಉಣುಗಿನ ಭಯ ನಮಗೆಲ್ಲ ಇದೆ, ದನಕ್ಕೆ ಅದು ತರುವ ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾಗಳ ಕಡೆ ಗಮನ ಕಡಿಮೆ. ಇವು ಒಳಗೇ ಅಡಗಿದ್ದು, ವೈರಸ್ ರೋಗದಿಂದ ಮೈ ಸೋತಾಗ ತಲೆಯೆತ್ತುತ್ತವೆ. ಜ್ವರ ಇಳಿಸಲೆಂದು ಕೊಡುವ ಡೆಕ್ಸಾಮೆಥಾಸೋನ್ ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ, ತುಂಬು ಗಬ್ಬದ ಹಸುವಿನಲ್ಲಿ ಗರ್ಭವನ್ನೂ ಕೆಡವಬಹುದು.

ಬೂಷ್ಟು ಹಿಡಿದ ಶೇಂಗಾ ಹಿಂಡಿ, ಜೋಳದ ಅಫ್ಲಾಟಾಕ್ಸಿನ್ ಕೂಡ ಲಿವರಿನ ವಿಷವೇ. ಮಳೆಗಾಲದಲ್ಲಿ ಹಿಂಡಿ ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಿಟ್ಟಿದ್ದರೆ ಅನುಮಾನಿಸಿ. ಬಿಸಿಲಿಗೆ ಹಾಕಿ ಬೂಷ್ಟು ಕೊಡವಿದರೆ ವಿಷ ಹೋಗುವುದಿಲ್ಲ.

ಕರು ಹಾಕಿ ಎರಡು ತಿಂಗಳೊಳಗೆ ರೋಗ ಬಂದ ಮಿಶ್ರತಳಿ ಹಸುವಾದರೆ ಕೀಟೋಸಿಸ್ (ಮೈಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಹೆಚ್ಚುವುದು) ಮತ್ತು ಕೊಬ್ಬು ತುಂಬಿದ ಲಿವರ್ ಮೊದಲ ಅನುಮಾನ. ಗಂಜಲದಲ್ಲಿ ಕೀಟೋನ್ ಪಟ್ಟಿ ಅದ್ದಿ ನೋಡುವುದು ನಿಮಿಷದ ಕೆಲಸ. ರಕ್ತದಲ್ಲಿ ಬಿಎಚ್‌ಬಿ ಎಂಬ ಕೀಟೋನ್ ಲೀಟರ್‌ಗೆ 1.2 ಮಿಲಿಮೋಲ್ ದಾಟಿದರೆ ತೊಂದರೆ ಶುರುವಾಗಿದೆ.

ರಕ್ತ ಪರೀಕ್ಷೆ: ತೆಗೆಯುವುದು, ಓದುವುದು

ಕುತ್ತಿಗೆಯ ರಕ್ತನಾಳದಿಂದ ಕೆಂಪು ಮುಚ್ಚಳದ ಕೊಳವೆಗೆ 5 ಮಿ.ಲೀ., ನೇರಳೆ ಮುಚ್ಚಳದ್ದಕ್ಕೆ 2–3 ಮಿ.ಲೀ. ಸೂಜಿ ದಪ್ಪದ್ದಿರಲಿ, 18 ಗೇಜ್. ಸಿರಿಂಜಿನಿಂದ ಕೊಳವೆಗೆ ಜೋರಾಗಿ ಚಿಮ್ಮಿಸಿದರೆ ರಕ್ತಕಣ ಒಡೆದು, ಲಿವರ್ ಮತ್ತು ಸ್ನಾಯುವಿನ ಹಾನಿ ತೋರುವ ಎಸ್‌ಜಿಒಟಿ ಎಂಬ ಕಿಣ್ವ ಸುಳ್ಳೇ ಏರುತ್ತದೆ. ಕೆಂಪು ಕೊಳವೆ ಅರ್ಧ ಮುಕ್ಕಾಲು ಗಂಟೆ ನೆರಳಲ್ಲಿ ಹೆಪ್ಪುಗಟ್ಟಲಿ, ಆಮೇಲೆ ಐಸ್ ಡಬ್ಬಕ್ಕೆ. ಫ್ರೀಜರ್‌ಗೆ ಹಾಕಬೇಡಿ. ಪಿತ್ತದ ಹಳದಿ ವಸ್ತುವಾದ ಬಿಲಿರುಬಿನ್ ಬೆಳಕಿಗೆ ಕೆಡುವುದರಿಂದ ಕೊಳವೆಗೆ ಕಾಗದ ಸುತ್ತಿ. ಕಿವಿಯಂಚಿನ ಒಂದು ಹನಿಯಿಂದ ರಕ್ತಲೇಪವನ್ನೂ ಅಲ್ಲೇ ಮಾಡಿಸಿ.

ಪಟ್ಟಿಯಲ್ಲಿ ಬರೆಸಬೇಕಾದದ್ದು: ಎಸ್‌ಜಿಒಟಿ, ಜಿಜಿಟಿ (ಪಿತ್ತನಾಳದ ಹಾನಿ ತೋರುವ ಕಿಣ್ವ), ಸಿಕೆ (ಸ್ನಾಯುವಿನ ಹಾನಿ ತೋರುವ ಕಿಣ್ವ), ಒಟ್ಟು ಬಿಲಿರುಬಿನ್, ಒಟ್ಟು ಪ್ರೋಟೀನ್, ಆಲ್ಬುಮಿನ್, ಹಿಮೋಗ್ಲೋಬಿನ್, ರಕ್ತಲೇಪ. ಎಸ್‌ಜಿಪಿಟಿಗೆ ಹಣ ಕೊಡಬೇಡಿ. ಮನುಷ್ಯರಲ್ಲಿ ಲಿವರಿನ ಮುಖ್ಯ ಗುರುತಾದ ಅದು ದನದಲ್ಲಿ ಲಿವರ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಊರಿನ ಮನುಷ್ಯರ ಲ್ಯಾಬಿನಲ್ಲಿ ಮಾಡಿಸಿದರೆ ವರದಿಯಲ್ಲಿ ಮನುಷ್ಯರ ಮಿತಿಯೇ ಅಚ್ಚಾಗಿರುತ್ತದೆ. ಎಸ್‌ಜಿಒಟಿ 100 ಬಂದರೆ ‘ಹೈ’ ಎಂದು ಗುರುತು ಬೀಳುತ್ತದೆ, ಹಸುವಿಗೆ ಅದು ಸಹಜ. ದನಕ್ಕೆ ಲೀಟರ್‌ಗೆ ಎಸ್‌ಜಿಒಟಿ ಸುಮಾರು 78–132 ಯೂನಿಟ್, ಜಿಜಿಟಿ 6–17 ಯೂನಿಟ್, ಡೆಸಿಲೀಟರ್‌ಗೆ (100 ಮಿ.ಲೀ.) ಒಟ್ಟು ಬಿಲಿರುಬಿನ್ 0.5 ಮಿ.ಗ್ರಾಂ ಒಳಗೆ, ಆಲ್ಬುಮಿನ್ 3 ಗ್ರಾಂ ಅಥವಾ ಸ್ವಲ್ಪ ಮೇಲೆ ಎಂದು ಇಟ್ಟುಕೊಳ್ಳಬಹುದು. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಸಾಧ್ಯವಿದ್ದರೆ ಅದೇ ಕೊಟ್ಟಿಗೆಯ, ರೋಗ ಬಾರದ ಇನ್ನೊಂದು ಹಸುವಿನ ರಕ್ತವನ್ನೂ ಜೊತೆಗೆ ಕಳಿಸಿ. ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಒಂದೊಂದು ಅಂಕಿಯನ್ನು ಬಿಡಿಯಾಗಿ ನೋಡಿದರೆ ದಾರಿ ತಪ್ಪುತ್ತದೆ, ಜೋಡಿಸಿ ಓದಬೇಕು.

ಎಸ್‌ಜಿಒಟಿ ಮತ್ತು ಸಿಕೆ ಎರಡೂ ಏರಿ ಜಿಜಿಟಿ ಸಹಜವಿದ್ದರೆ ಪೆಟ್ಟು ಸ್ನಾಯುವಿಗೆ. ಮೂರು ದಿನದ ಜ್ವರದಲ್ಲಿ ಮಲಗಿದ ಹಸು, ಚುಚ್ಚುಮದ್ದು ಮೇಲಿಂದ ಮೇಲೆ ತಿಂದ ಹಸುವಿನಲ್ಲಿ ಹೀಗೇ ಕಾಣುತ್ತದೆ, ಲಿವರ್ ಟಾನಿಕ್ ಇಲ್ಲಿ ದಂಡ. ಆದರೆ ಸಿಕೆ ಬೇಗ ಇಳಿಯುತ್ತದೆ, ಎಸ್‌ಜಿಒಟಿ ನಿಧಾನ. ಹಸು ಎದ್ದು ನಿಂತು ಕೆಲವು ದಿನದ ಮೇಲೆ ತೆಗೆದ ರಕ್ತದಲ್ಲಿ ಎಸ್‌ಜಿಒಟಿ ಒಂದೇ ಮೇಲಿದ್ದರೆ ಅದನ್ನು ಲಿವರಿನ ಲೆಕ್ಕಕ್ಕೆ ಬರೆಯುವ ಮುನ್ನ ಯೋಚಿಸಿ.

ಜಿಜಿಟಿ ಎರಡು ಮೂರು ಪಟ್ಟು ಏರಿ ಬಿಲಿರುಬಿನ್ ಸಹಜದ ಹತ್ತಿರವೇ, ಆಲ್ಬುಮಿನ್ ಕಡಿಮೆ, ಹಿಮೋಗ್ಲೋಬಿನ್ ಕಡಿಮೆ ಎಂದರೆ ಲಿವರ್ ಹುಳದ ಕಡೆ ಬಲವಾದ ಸೂಚನೆ. ಜಿಜಿಟಿಯೂ ಬಿಲಿರುಬಿನ್ನೂ ಬಹಳ ಏರಿ ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ಪಿತ್ತದ ತಡೆ, ಲಂಟಾನ. ಬಿಲಿರುಬಿನ್ ಏರಿ ಹಿಮೋಗ್ಲೋಬಿನ್ ಕುಸಿದು ಜಿಜಿಟಿ ಸಾಧಾರಣವಿದ್ದರೆ ರಕ್ತಕಣ ಒಡೆಯುವ ರೋಗ, ರಕ್ತಲೇಪದಲ್ಲಿ ಉತ್ತರ ಸಿಗಬಹುದು. ಲೇಪದಲ್ಲಿ ಏನೂ ಇಲ್ಲ, ಜಿಜಿಟಿಯೂ ಮೇಲಿದೆ, ಗಂಜಲ ಕಾಫಿ ಬಣ್ಣ ಎಂದಾದರೆ ತಾಮ್ರವನ್ನು ನೆನೆಯಿರಿ.

ಇವು ಯಾವುವೂ ಇಲ್ಲದೆ ಎಸ್‌ಜಿಒಟಿ, ಜಿಜಿಟಿ ಸ್ವಲ್ಪವೇ ಮೇಲೆ, ಆಲ್ಬುಮಿನ್ ಸ್ವಲ್ಪ ಕೆಳಗೆ, ಗ್ಲೋಬುಲಿನ್ (ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದು ಉಳಿದದ್ದು) ಮೇಲೆ ಇದ್ದರೆ ಅದು ವೈರಸ್ ಹೇರಿದ ಭಾರದ್ದೇ ಚಿತ್ರ. ಆಲ್ಬುಮಿನ್ ಅರ್ಧಾಯುಷ್ಯ ದನದಲ್ಲಿ ಎರಡು ವಾರದ ಮೇಲೆ, ಆದ್ದರಿಂದ ಅದು ಮೇಲೇರಲು ವಾರಗಳೇ ಬೇಕು. ಹತ್ತು ದಿನಕ್ಕೆ ಮತ್ತೆ ನೋಡಿ ಏರಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಎಂಡಿಎ, ಗ್ಲುಟಾಥಿಯೋನ್‌ಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಅಳೆಯುವುದಿಲ್ಲ. ರಕ್ತವನ್ನು ಕೂಡಲೇ ಐಸ್‌ನಲ್ಲಿಟ್ಟು, ಬೇಗ ಪ್ಲಾಸ್ಮಾ ಬೇರ್ಪಡಿಸಿ ಹೆಪ್ಪುಗಟ್ಟಿಸದಿದ್ದರೆ ಕೊಳವೆಯೊಳಗೇ ಆಕ್ಸಿಡೇಶನ್ ಮುಂದುವರಿದು ಅಂಕಿ ಹಾಳಾಗುತ್ತದೆ. ಸಂಶೋಧನೆಗೆ ಬೇಕು, ಚಿಕಿತ್ಸೆ ನಿರ್ಧರಿಸಲು ಮೇಲಿನ ಪರೀಕ್ಷೆಗಳೇ ಸಾಕು. ಕಗ್ಗಂಟಾದ ಪ್ರಕರಣವನ್ನು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಕೊಂಡೊಯ್ಯಬಹುದು. ಹಸು ಎದ್ದೇಳದ ಸ್ಥಿತಿಯಲ್ಲಿದ್ದರೆ ಪಶು ಸಂಚಾರಿ ಚಿಕಿತ್ಸೆಯ 1962ಕ್ಕೆ ಕರೆ ಮಾಡಿ.

ಸರಿಪಡಿಸುವ ಕ್ರಮ

ಔಷಧಿಗಿಂತ ಮೊದಲು ತೂಕ. ಎದೆಸುತ್ತಿನ ಅಳತೆ ಇಂಚಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಪುಚ್ಚೆಮೂಳೆವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕ ಬರುತ್ತದೆ. ಎದೆಸುತ್ತು 54, ಉದ್ದ 42 ಇರುವ ಮಲೆನಾಡು ಗಿಡ್ಡ ಸುಮಾರು 185 ಕಿಲೋ. 72, 60ರ ಎಚ್‌ಎಫ್ ಮಿಶ್ರತಳಿ 470. ಎರಡಕ್ಕೂ ಒಂದೇ ಸಿರಿಂಜಿನ ಪ್ರಮಾಣ ಹೋದರೆ ಗಿಡ್ಡಕ್ಕೆ ಎರಡೂವರೆ ಪಟ್ಟು ಹೆಚ್ಚಾಯಿತು, ಅದನ್ನು ಒಡೆಯಬೇಕಾದದ್ದು ಬಳಲಿದ ಅದೇ ಲಿವರ್. ಜ್ವರ, ನೋವಿಗೆ ವೈದ್ಯರು ಮೆಲಾಕ್ಸಿಕ್ಯಾಮ್ ಕೊಟ್ಟರೆ ಕಿಲೋಗೆ 0.5 ಮಿ.ಗ್ರಾಂ ಲೆಕ್ಕ. ಡೈಕ್ಲೋಫೆನಾಕ್ ದನಕ್ಕೆ ಬಳಸುವುದು 2006ರಿಂದ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ 2023ರಿಂದ ದೇಶದಲ್ಲಿ ನಿಷೇಧ. ಸತ್ತ ದನವನ್ನು ತಿಂದ ರಣಹದ್ದುಗಳು ಇವುಗಳಿಂದ ಸಾಯುತ್ತವೆ.

ನಿಜವಾದ ಲಿವರ್ ಔಷಧಿ ಮೇವು. ದಿನಕ್ಕೆ ಎರಡು ಸಲ ರಾಶಿ ಹಾಕುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ, ಔಷಧಿ ಬೀಳದ ಜಾಗದ ಹಸಿಹುಲ್ಲು. ಬಾಯಿಯೊಳಗೆ ಹುಣ್ಣಿದ್ದರೆ ಮೆತ್ತಗಿನ ಹುಲ್ಲು, ಗಂಜಿ. ‘ಲಿವರ್ ಕೆಟ್ಟಿದೆ, ಹಿಂಡಿ ನಿಲ್ಲಿಸಿ’ ಎಂಬ ಸಲಹೆ ಹೆಚ್ಚಿನ ಹಸುಗಳಿಗೆ ತಪ್ಪು. ಪ್ರೋಟೀನ್ ನಿಂತರೆ ಆಲ್ಬುಮಿನ್ನೂ ಇಲ್ಲ, ಗ್ಲುಟಾಥಿಯೋನೂ ಇಲ್ಲ. ಬೂಷ್ಟಿಲ್ಲದ ಹಿಂಡಿಯನ್ನು ಅರ್ಧದಿಂದ ಶುರುಮಾಡಿ ವಾರದಲ್ಲಿ ಪೂರ್ತಿಗೆ ಬನ್ನಿ. ತಲೆ ಗೋಡೆಗೆ ಒತ್ತಿ ನಿಲ್ಲುವ, ಮಂಕಾಗಿ ಸುತ್ತುವ ಹಸುವಿಗೆ ಮಾತ್ರ ಹಿಂಡಿ ತಡೆದು ಕೂಡಲೇ ವೈದ್ಯರನ್ನು ಕರೆಸಿ. ಎಣ್ಣೆ, ತುಪ್ಪ ಹುಯ್ಯಬೇಡಿ. ಲಿವರ್‌ನಲ್ಲಿ ಮೊದಲೇ ಕೊಬ್ಬು ನಿಂತಿದೆ, ಮೇಲಾಗಿ ನಿಶ್ಶಕ್ತ ಹಸುವಿನ ಶ್ವಾಸಕೋಶಕ್ಕೆ ಎಣ್ಣೆ ಇಳಿದರೆ ನ್ಯುಮೋನಿಯಾ ಆಗಿ ಕೈಬಿಟ್ಟುಹೋಗುತ್ತದೆ. ಕೀಟೋನ್ ಬಂದ ಹಸುವಿಗೆ ಪ್ರೊಪಿಲೀನ್ ಗ್ಲೈಕಾಲ್ ದಿನಕ್ಕೆ 300 ಮಿ.ಲೀ.ನಂತೆ ಮೂರರಿಂದ ಐದು ದಿನ. ಬೆಲ್ಲ ಇದಕ್ಕೆ ಸಮನಲ್ಲ, ಅದು ಹೊಟ್ಟೆಯಲ್ಲೇ ಹುಳಿತುಹೋಗುತ್ತದೆ, ಸಕ್ಕರೆಯಾಗಿ ರಕ್ತ ಸೇರುವುದಿಲ್ಲ.

ಇ ಜೀವಸತ್ವ ಮತ್ತು ಸೆಲೆನಿಯಂ ಕೊಡುವುದಕ್ಕೆ ಅರ್ಥವಿದೆ, ಅದರಲ್ಲೂ ಒಣಹುಲ್ಲಿನ ಮೇಲಿದ್ದ ದನಕ್ಕೆ. ಆದರೆ ಸೆಲೆನಿಯಂ ಬೇಕಾದದ್ದು ಅತ್ಯಲ್ಪ: ಒಣಮೇವಿನ ಲೆಕ್ಕದಲ್ಲಿ ಕಿಲೋಗೆ 0.3 ಮಿ.ಗ್ರಾಂ. ಬೇಕಾದ್ದಕ್ಕೂ ವಿಷಕ್ಕೂ ಅಂತರ ಕಿರಿದು. ಚುಚ್ಚುಮದ್ದು, ಮಾತ್ರೆ, ಸೆಲೆನಿಯಂ ಇರುವ ಖನಿಜ ಮಿಶ್ರಣ ಮೂರನ್ನೂ ಒಟ್ಟಿಗೆ ಕೊಡಬಾರದು, ಯಾವುದಾದರೂ ಒಂದು, ತೂಕಕ್ಕೆ ತಕ್ಕಂತೆ. ಹಾಲು ಕೊಡುವ ಹಸುವಿಗೆ ಇ ಜೀವಸತ್ವ ಮೈತೂಕದ ಕಿಲೋಗೆ ದಿನಕ್ಕೆ ಸುಮಾರು 0.8 ಯೂನಿಟ್ ಬೇಕು, 400 ಕಿಲೋ ಹಸುವಿಗೆ 320 ಯೂನಿಟ್. ಚೆನ್ನಾಗಿ ಹಸಿರು ಮೇಯುವ ಹಸುವಿಗೆ ಅದು ಮೇವಿನಲ್ಲೇ ಸಿಗುತ್ತದೆ. ಗಿಡಮೂಲಿಕೆಯ ಲಿವರ್ ಟಾನಿಕ್ ಇದೆಲ್ಲದರ ಜೊತೆಗಿರಲಿ, ಬದಲಿಗೆ ಅಲ್ಲ.

ಲಿವರ್ ಹುಳ ಖಚಿತವಾದರೆ ಜ್ವರ ಪೂರ್ತಿ ಬಿಟ್ಟು, ಹಸು ಒಂದಿಷ್ಟು ತಿನ್ನಲು ಶುರುಮಾಡಿದ ಮೇಲೆ ಔಷಧಿ. ಆಕ್ಸಿಕ್ಲೋಜನೈಡ್ ಕಿಲೋಗೆ 10–15 ಮಿ.ಗ್ರಾಂ ಬೆಳೆದ ಹುಳವನ್ನಷ್ಟೇ ಕೊಲ್ಲುತ್ತದೆ, ಎಳೆಹುಳ ಬೆಳೆದ ಮೇಲೆ ಇನ್ನೊಮ್ಮೆ ಬೇಕು. ಟ್ರೈಕ್ಲಾಬೆಂಡಜೋಲ್ ಕಿಲೋಗೆ 12 ಮಿ.ಗ್ರಾಂ ಎಳೆಯದನ್ನೂ ಕೊಲ್ಲುತ್ತದೆ, ಹಾಲು ಮನೆಗೋ ಡೈರಿಗೋ ಹೋಗುವ ಹಸುವಿಗೆ ಅದು ಬೇಡ. ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳುಗಳಲ್ಲಿ ಬೇಡ. ಥೈಲೇರಿಯಾಕ್ಕೆ ಬುಪಾರ್ವಾಕೋನ್, ಬಬೇಸಿಯಾಕ್ಕೆ ಡೈಮಿನಜೀನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್: ಇವು ಮೂರೂ ಬೇರೆ ಬೇರೆ, ರಕ್ತಲೇಪ ನೋಡದೆ ಮೂರನ್ನೂ ಚುಚ್ಚುವುದು ಲಿವರ್ ಮೇಲೆ ಇನ್ನೊಂದು ಹೊರೆ.

ಯಾವಾಗ ಮತ್ತೆ ಯೋಚಿಸಬೇಕು

ಕಾರಣ ಸರಿಯಾಗಿ ಹಿಡಿದಿದ್ದರೆ ಮೊದಲು ಮರಳುವುದು ಮೆಲುಕು, ಆಮೇಲೆ ಹಸಿವು, ಹಾಲು ಎಲ್ಲಕ್ಕಿಂತ ಕೊನೆಗೆ. ಮೇವು ಸುಧಾರಿಸಿ ಒಂದು ವಾರವಾದರೂ ಮೆಲುಕು ಮರಳದಿದ್ದರೆ ಊಹೆ ತಪ್ಪಾಗಿದೆ ಎಂದೇ ತಿಳಿದು ರಕ್ತಲೇಪ, ಸೆಗಣಿ ಮತ್ತೆ ನೋಡಿಸಿ. ಜಿಜಿಟಿಯನ್ನು ನಾಲ್ಕು ವಾರಕ್ಕೆ ಒಮ್ಮೆ ನೋಡಿದರೆ ಸಾಕು, ಅದು ಇಳಿಯುವುದೇ ನಿಧಾನ. ಕಾಲುಬಾಯಿ ಜ್ವರ ಬಂದುಹೋದ ಹಸು ಬಿಸಿಲಿಗೆ ತೇಕುತ್ತ, ರೋಮ ಉದ್ದ ಬೆಳೆಸಿಕೊಂಡು, ಹಾಲು ಕೊಡದೆ ಉಳಿದರೆ ಅದು ದೇಹದ ಉಷ್ಣ ನಿಯಂತ್ರಣ ಕೆಟ್ಟ ಬೇರೆಯೇ ದೋಷ, ಲಿವರ್ ಚಿಕಿತ್ಸೆಯಿಂದ ಸರಿಯಾಗದು.

ಉದುರಿದ ಹಕ್ಕಳೆಯಲ್ಲಿ ಚರ್ಮಗಂಟಿನ ವೈರಸ್ ಒಂದು ತಿಂಗಳ ಮೇಲೂ ಬದುಕಿರುತ್ತದೆ. ಗುಡಿಸಿ ಸುಟ್ಟುಬಿಡಿ, ಸೊಪ್ಪಿನ ಹಾಸಿನೊಳಗೆ ಸೇರಿಸಬೇಡಿ. ಕೊಟ್ಟಿಗೆಯ ಉಳಿದ ದನಗಳಿಗೆ ಲಸಿಕೆ ಹಾಕಿಸುವಾಗ ಪ್ರತಿ ದನಕ್ಕೂ ಬೇರೆ ಸೂಜಿ, ಜ್ವರವಿರುವುದಕ್ಕೆ ಹಾಕಿಸಬೇಡಿ. ರಕ್ಷಣೆ ಬಲಿಯಲು ಎರಡು ಮೂರು ವಾರ ಹಿಡಿಯುವುದರಿಂದ, ತೋಟಕ್ಕೆ ಮೊದಲ ಕೊಳೆ ಔಷಧಿ ಹೊಡೆಸುವ ದಿನ ಗೊತ್ತುಮಾಡುವ ಹೊತ್ತಿಗೇ ಲಸಿಕೆಯೂ ಲಿವರ್ ಹುಳದ ಸೆಗಣಿ ಪರೀಕ್ಷೆಯೂ ಮುಗಿದಿರಲಿ.